ಬೋರ್ಡಿಗೆ ಸೀಸ ಇರಲಿ, ತಪ್ಪಲೆಗೆ ಬೇಡ

ಜುಲೈ ತಿಂಗಳ ಜಡಿಮಳೆಯಲ್ಲಿ ಹೆತ್ತೂರು ಕಡೆಯ ಬೆಳೆಗಾರರೊಬ್ಬರು ಸೋಲಾರ್ ಬೇಲಿಯ ಮಿಷನ್ನನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ಆಲೂರಿನ ನನ್ನ ಅಂಗಡಿಗೆ ಬಂದರು. "ರಾತ್ರಿ ಆನೆ ಸಸಿಮಡಿ ತುಳಿದು ಹಾಕಿದ್ವು ಅಣ್ಣ, ಬೇಲೀಲಿ ಕರೆಂಟೇ ಇರ್ಲಿಲ್ಲ" ಅಂದರು. ಬಿಚ್ಚಿ ನೋಡಿದರೆ ಟ್ರಾನ್ಸ್‌ಫಾರ್ಮರಿನ ಒಂದು ಕಾಲಿನ ಸುತ್ತ ಕೂದಲೆಳೆಯಷ್ಟು ಬಿರುಕು. ನಾವು ಡ್ರೈ ಸೋಲ್ಡರ್ ಅನ್ನುವುದು ಇದನ್ನೇ. ಹಳೆಯದನ್ನು ಹೀರಿ ತೆಗೆದು ಹೊಸ ಲೆಡ್ ಕೊಟ್ಟೆ. ಕರಗಿ ಕಾಲಿನ ಸುತ್ತ ಹರಿದು, ಹೊಳೆಯುತ್ತ ಕೂತಿತು. ಜೊತೆಗೆ ಬಂದಿದ್ದ ಅವರ ಮಗ ಇಂಜಿನಿಯರಿಂಗ್ ಓದುವ ಹುಡುಗ. "ಇನ್ನೂ ಸೀಸದ ವೈರೇ ಬಳಸ್ತೀರಾ ಅಂಕಲ್? ಲೆಡ್-ಫ್ರೀ ತಗೋಬಾರದಾ?" ಅಂತ ಕೇಳಿದ. ಕೇಳಬೇಕಾದ ಪ್ರಶ್ನೆಯೇ.

ನಾವು ಲೆಡ್ ಅಂತಲೇ ಕರೆಯುವ ಈ ವೈರಿನಲ್ಲಿ 60 ಭಾಗ ತವರ, 40 ಭಾಗ ಸೀಸ. ಕರಗಲು ಶುರುವಾಗುವುದು 183 ಡಿಗ್ರಿಗೆ. ಬೆಳ್ಳಿ ಬೆರೆಸಿದ ಸೀಸರಹಿತ ವೈರಿಗೆ 217 ಡಿಗ್ರಿ ಬೇಕು, ತವರ-ತಾಮ್ರದ್ದಕ್ಕೆ 227. ಓದುವುದಕ್ಕೆ ಸಣ್ಣ ಅಂತರ. ಆದರೆ ನಮ್ಮ ಮಳೆಗಾಲದ ಲೈನನ್ನು ಬಲ್ಲವರಿಗೆ ಗೊತ್ತು. 230 ವೋಲ್ಟಿಗೆ ಮಾಡಿದ 25 ವ್ಯಾಟಿನ ಬೆಸುಗೆ ಐರನ್, ವೋಲ್ಟೇಜು 180ಕ್ಕೆ ಇಳಿದರೆ 15 ವ್ಯಾಟಷ್ಟೇ ಕೊಡುತ್ತದೆ. ಆಗ ಸೀಸರಹಿತ ವೈರು ಐರನ್ನಿನ ಮೂತಿಯಲ್ಲಿ ಉಂಡೆಗಟ್ಟುತ್ತದೆ, ಬೋರ್ಡಿಗೆ ಹತ್ತುವುದಿಲ್ಲ. ಮನೆಯಲ್ಲಿ ಕೂತವರು ಒತ್ತಿ ಒತ್ತಿ ಹಿಡಿಯುತ್ತಾರೆ, ತಾಮ್ರದ ಪಟ್ಟಿಯೇ ಬೋರ್ಡಿನಿಂದ ಎದ್ದು ಬರುತ್ತದೆ. ಚೂರು ಬೆಸುಗೆಯಲ್ಲಿ ಬದುಕಬೇಕಿದ್ದ ರೇಡಿಯೊ ಗುಜರಿಗೆ ಹೋಗುತ್ತದೆ. ಯುರೋಪು 2006ರಲ್ಲಿ ಹೊಸ ಎಲೆಕ್ಟ್ರಾನಿಕ್ ಸಾಮಾನುಗಳಲ್ಲಿ ಸೀಸಕ್ಕೆ ಮಿತಿ ಹಾಕಿತು, ನಮ್ಮ ಇ-ತ್ಯಾಜ್ಯ ನಿಯಮದಲ್ಲೂ ಶೇ 0.1ರ ಮಿತಿ ಇದೆ. ಅದು ಸಾಮಾನು ತಯಾರಿಸುವ ಕಾರ್ಖಾನೆಗೆ ಸರಿ. ಅಲ್ಲಿ ಬಿಸಿಯನ್ನು ಹದದಲ್ಲಿಡುವ ಯಂತ್ರಗಳಿವೆ. ಮನೆ ರಿಪೇರಿಯ ಬೋರ್ಡಿಗೆ ಸೀಸದ ವೈರೇ ಇರಲಿ ಎಂಬುದು ನನ್ನ ಅಭಿಪ್ರಾಯ.

ಸೀಸರಹಿತ ಅಂದಮಾತ್ರಕ್ಕೆ ಹೊಗೆ ನಿರಪಾಯ ಅಂದುಕೊಳ್ಳಬೇಡಿ. ಎರಡರಲ್ಲೂ ಏಳುವುದು ವೈರಿನೊಳಗಿನ ರಾಳದ ಹೊಗೆ, ಉಬ್ಬಸ ಇದ್ದವರಿಗೆ ಆಗುವುದಿಲ್ಲ. ಮಳೆ ಎರಚಿದರೂ ಕಿಟಕಿ ತೆಗೆದಿಡಿ. ಸೀಸ ಕುದಿಯಲು 1,700 ಡಿಗ್ರಿ ದಾಟಬೇಕು. ಐರನ್ನಿನ ಬಿಸಿಗೆ ಅದು ಆವಿಯಾಗಿ ಏಳುವುದಿಲ್ಲ. ಅದು ಒಳಗೆ ಹೋಗುವ ದಾರಿ ಕೈ ಮತ್ತು ಬಾಯಿ. ಎರಡು ಕೈಯೂ ತುಂಬಿದ್ದಾಗ ವೈರನ್ನು ಹಲ್ಲಲ್ಲಿ ಕಚ್ಚಿ ಹಿಡಿದೇ ನಾನು ಕೆಲಸ ಕಲಿತದ್ದು. ಬೆರಳ ತುದಿ ಬೂದುಬಣ್ಣಕ್ಕೆ ತಿರುಗಿದ್ದರೂ ಒರೆಸಿಕೊಂಡು ರೊಟ್ಟಿ ಮುರಿಯುತ್ತಿದ್ದೆ, ಎಲೆಗೆ ಸುಣ್ಣ ಹಚ್ಚುತ್ತಿದ್ದೆ. ಈಗ ಅಂಗಡಿಯ ಹುಡುಗರು ವೈರು ಬಾಯಿಗಿಟ್ಟರೆ ಗದರುತ್ತೇನೆ. ಸೋಪು ಹಚ್ಚಿ ತೊಳೆಯದೆ ಟೀ ಲೋಟ ಮುಟ್ಟುವಂತಿಲ್ಲ.

ನನಗೆ ನಿಜವಾಗಿ ಹೆದರಿಕೆ ಹುಟ್ಟಿಸುವುದು ಅಡುಗೆಮನೆ. "ಅಣ್ಣ, ಇದಕ್ಕೊಂದು ಚೂರು ಲೆಡ್ ಹಾಕ್ಕೊಡಿ" ಅಂತ ಹಾಲಿನ ತಪ್ಪಲೆ, ಹಿತ್ತಾಳೆ ಚೊಂಬು, ಸಾರಿನ ಪಾತ್ರೆ ಹಿಡಿದು ಬರುತ್ತಾರೆ. ಸೂಜಿ ತೂರುವಷ್ಟು ತೂತು. ಎರಡು ನಿಮಿಷದ ಕೆಲಸ ಅಂತ ನಾನೂ ಎಷ್ಟೋ ವರ್ಷ ಮಾಡಿಕೊಟ್ಟೆ. ಹುಣಸೆಹುಳಿಯೋ ವಾಟೆಹುಳಿಯೋ ಬಿದ್ದ ಸಾರು ಆ ಬೆಸುಗೆಯ ಮೇಲೆ ಕುದಿಯುತ್ತದೆ. ಹುಳಿಗೆ ಸೀಸ ಬಿಡುತ್ತದೆ, ರುಚಿಯಲ್ಲಿ ಗೊತ್ತಾಗುವುದಿಲ್ಲ. ಮಕ್ಕಳ ಹೊಟ್ಟೆ ಅದನ್ನು ದೊಡ್ಡವರಿಗಿಂತ ನಾಲ್ಕೈದು ಪಟ್ಟು ಹೆಚ್ಚು ಹೀರಿಕೊಳ್ಳುತ್ತದೆ. ಮಿದುಳಿಗೆ ಆದ ಪೆಟ್ಟು ವಾಸಿಯಾಗುವುದಿಲ್ಲ. ಇಷ್ಟಾದರೆ ಪರವಾಗಿಲ್ಲ ಅನ್ನುವ ಸುರಕ್ಷಿತ ಮಟ್ಟವೇ ಸೀಸಕ್ಕೆ ಇಲ್ಲ. ಕುಡಿಯುವ ನೀರಿನ ಕೊಳವೆಗೆ ಸೀಸದ ಬೆಸುಗೆ ಕೂಡದೆಂದು ಅಮೆರಿಕ 1986ರಲ್ಲೇ ಕಾನೂನು ಮಾಡಿತು. ನಮ್ಮಲ್ಲೂ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡಾ. ತುಪ್ಪಿಲ್ ವೆಂಕಟೇಶ್ ಸೀಸದ ವಿಷದ ಬಗ್ಗೆ ವರ್ಷಗಟ್ಟಲೆ ಹೇಳುತ್ತ ಬಂದರು. 2000ದಲ್ಲಿ ಪೆಟ್ರೋಲಿನಿಂದ ಸೀಸ ಹೋಯಿತು, 2017ರಿಂದ ಬಣ್ಣಕ್ಕೂ ಮಿತಿ ಬಂತು. ತೂತು ಮುಚ್ಚುವ ಬೆಸುಗೆಯ ಕಡೆ ಮಾತ್ರ ಯಾರ ಕಣ್ಣೂ ಬಿದ್ದಿಲ್ಲ.

ನನ್ನ ಅಂಗಡಿಗೆ ಬರುವ ರೀಲಿನ ಮೇಲೆ ಇಂಗ್ಲಿಷಿನಲ್ಲಿ 60/40 ಅಂತ ಇರುತ್ತದೆ. ಪಾತ್ರೆ ತಂದ ಅಕ್ಕನಿಗೆ ಅದರಿಂದ ಏನು ತಿಳಿಯಬೇಕು? "ಇದರಲ್ಲಿ ಸೀಸ ಇದೆ, ಅಡುಗೆ ಮತ್ತು ಕುಡಿಯುವ ನೀರಿನ ಪಾತ್ರೆಗೆ ಬಳಸಬೇಡಿ" ಎಂದು ರೀಲಿನ ಮೇಲೆ ಕನ್ನಡದಲ್ಲಿ ದಪ್ಪಕ್ಷರದಲ್ಲಿ ಬರೆಯಿಸುವುದು ಸರ್ಕಾರಕ್ಕೆ ಕಷ್ಟದ ಕೆಲಸವಲ್ಲ. ಕಲಾಯಿಯವರು ಬಂದಾಗಲೂ ತವರದಲ್ಲಿ ಸೀಸ ಬೆರೆತಿದೆಯೇ ಅಂತ ಕೇಳಬೇಕು. ಬೆಸುಗೆಯ ಉದುರು ತೋಟಕ್ಕೋ ಚರಂಡಿಗೋ ಬೀಳಬಾರದು. ಇಲ್ಲಿಯ ನೀರು ಹೇಮಾವತಿ ಸೇರಿ ಗೊರೂರಿನತ್ತ ಹೋಗುತ್ತದೆ. ನಾನು ಆ ಉದುರನ್ನು ಡಬ್ಬಿಯಲ್ಲಿ ಕೂಡಿಡುತ್ತೇನೆ.

ತವರ-ತಾಮ್ರದ ಒಂದು ರೀಲನ್ನು ಈಗ ಕೆಂಪು ಬಟ್ಟೆ ಕಟ್ಟಿ ಬೇರೆ ಇಟ್ಟಿದ್ದೇನೆ. ಅದಕ್ಕೆ ದೊಡ್ಡ ಐರನ್, ಬೇರೆ ಮೂತಿ. ನೀರಿನ ಚೊಂಬಿಗೆ ಅದನ್ನೇ ಹಾಕಿ, ಬೆಸುಗೆ ಹತ್ತಲು ಹಚ್ಚಿದ ಫ್ಲಕ್ಸ್ ಪೂರ್ತಿ ಹೋಗುವಂತೆ ತೊಳೆದು ಕೊಡುತ್ತೇನೆ. ಸಾರಿನ ಪಾತ್ರೆಯಾದರೆ ಕಂಚುಗಾರರ ಹತ್ತಿರ ಕಳಿಸುತ್ತೇನೆ. ಹಿಂದೆ ಸೀಸ ಹಾಕಿಕೊಟ್ಟ ಪಾತ್ರೆಗಳನ್ನು ವಾಪಸ್ ತನ್ನಿ ಅಂತ ನೆನಪಿದ್ದವರಿಗೆಲ್ಲ ಹೇಳಿ ಕಳಿಸಿದ್ದೇನೆ. ಈವರೆಗೆ ನಾಲ್ಕು ಬಂದಿವೆ.