ಆಯುಧಪೂಜೆ ಮಾಡುತ್ತೇವೆ, ಆಯುಧ ಮುಟ್ಟುವುದಿಲ್ಲ

ನಮ್ಮವರಲ್ಲಿ ಆಯುಧಪೂಜೆಗೆ ಏನೂ ಕಮ್ಮಿಯಿಲ್ಲ. ಮುಂಬಯಿಯಿರಲಿ, ಪುಣೆಯಿರಲಿ, ಮಹಾನವಮಿಯ ದಿನ ಕನ್ನಡದವರ ಕಾರಿಗೆ ಚೆಂಡುಹೂವಿನ ಹಾರ, ಬಾನೆಟ್ಟಿಗೆ ಕುಂಕುಮ, ನಾಲ್ಕು ಚಕ್ರದಡಿ ನಾಲ್ಕು ನಿಂಬೆಹಣ್ಣು ಇದ್ದೇ ಇರುತ್ತದೆ. ಅದೇ ಕಾರಿನ ಯಜಮಾನರನ್ನು "ಸ್ವಾಮಿ, ಜ್ಯಾಕ್ ಎಲ್ಲಿಟ್ಟಿದ್ದೀರಿ?" ಎಂದು ಕೇಳಿ ನೋಡಿ. ಡಿಕ್ಕಿ ತೆಗೆದು ತಲೆ ಕೆರೆದುಕೊಳ್ಳುತ್ತಾರೆ. ಸ್ಟೆಪ್ನಿ ಇದೆಯೋ ಇಲ್ಲವೋ ಅದೂ ಖಾತ್ರಿಯಿಲ್ಲ. (2020ರ ತಿದ್ದುಪಡಿಯ ನಂತರ, ಟ್ಯೂಬ್‌ಲೆಸ್ ಟೈರು, ರಿಪೇರಿ ಕಿಟ್ಟು ಮತ್ತು ಗಾಳಿಯ ಒತ್ತಡ ತೋರಿಸುವ ವ್ಯವಸ್ಥೆ ಇರುವ ಕಾರುಗಳಿಗೆ ಸ್ಟೆಪ್ನಿ ಕಡ್ಡಾಯವಲ್ಲ. ಆದ್ದರಿಂದ ಇವತ್ತೇ ಒಮ್ಮೆ ಡಿಕ್ಕಿ ತೆಗೆದು ನೋಡಿಬಿಡಿ!)

ಗೊತ್ತಿಲ್ಲದಿರುವುದು ಅಪರಾಧವೇನಲ್ಲ ಬಿಡಿ. ನನ್ನ ತಕರಾರು ಇರುವುದು, ಗೊತ್ತಿಲ್ಲ ಎಂಬುದನ್ನು ನಾವು ಹೇಳಿಕೊಳ್ಳುವ ಧಾಟಿಯ ಬಗ್ಗೆ. "ಅಯ್ಯೋ, ಅದೆಲ್ಲ ನಮಗೆ ಬರೋದಿಲ್ಲಪ್ಪ" ಎನ್ನುವಾಗ ನಮ್ಮ ಮುಖದಲ್ಲೊಂದು ಸಣ್ಣ ಹೆಮ್ಮೆ ಇರುತ್ತದೆ, ಗಮನಿಸಿದ್ದೀರಾ? ಡಿಗ್ರಿ ಆಯಿತು, ಊರು ಬಿಟ್ಟೆವು, ಫ್ಲ್ಯಾಟು ತಗೊಂಡೆವು, ಇನ್ನು ನಮ್ಮ ಕೈ ಕೊಳೆಯಾಗಬಾರದು. ಸ್ಕ್ರೂಡ್ರೈವರ್ ಹಿಡಿಯುವವನು ಒಂದು ಮೆಟ್ಟಿಲು ಕೆಳಗಿನವನು ಎನ್ನುವ ಈ ಭಾವನೆ ಎಲ್ಲಿಂದ ಬಂತು ಎಂದು ಬಿಡಿಸಿ ಹೇಳಬೇಕಾಗಿಲ್ಲ. ವೇದಿಕೆಯ ಮೇಲೆ ಕಾಯಕದ ಬಗ್ಗೆ ಅರ್ಧ ಗಂಟೆ ಭಾಷಣ ಮಾಡುವವರೇ ಮನೆಗೆ ಬಂದ ಪ್ಲಂಬರನಿಗೆ ಕೂರಲು ಕುರ್ಚಿ ಕೊಡುವುದಿಲ್ಲ.

ಮುಂಬಯಿಗೆ ನಮಗಿಂತ ಮೊದಲು ಬಂದ ತಲೆಮಾರು ಹೀಗಿರಲಿಲ್ಲ. ಹಗಲು ಹೋಟೆಲಿನಲ್ಲಿ ಟೇಬಲ್ ಒರೆಸಿ, ರಾತ್ರಿಶಾಲೆಯಲ್ಲಿ ಅಕ್ಷರ ಕಲಿತ ನಮ್ಮ ಹಿರಿಯರು ಒಲೆ, ನಲ್ಲಿ, ಗ್ರೈಂಡರ್ ಯಾವುದು ಕೆಟ್ಟರೂ ಮೊದಲು ತಾವೇ ಕೈ ಹಾಕುತ್ತಿದ್ದರು. ಅವರು ಬೆವರು ಸುರಿಸಿ ನಮ್ಮನ್ನು ಕುರ್ಚಿಯ ಮೇಲೆ ಕೂರಿಸಿದರು. ನಾವು ಆ ಕುರ್ಚಿಯ ಕಾಲು ಅಲ್ಲಾಡಿದರೆ ಒಂದು ಸ್ಕ್ರೂ ಬಿಗಿಮಾಡಲಾರದೆ ಆ್ಯಪಿನಲ್ಲಿ ಬಡಗಿಯನ್ನು ಬುಕ್ ಮಾಡುತ್ತೇವೆ.

"ಹೋಗಲಿ ಬಿಡಿ, ದುಡ್ಡು ಕೊಡುತ್ತೇವೆ, ಕೆಲಸ ಆಗುತ್ತದೆ, ಇದರಲ್ಲಿ ತಪ್ಪೇನು?" ಎಂದು ಕೇಳುವವರಿಗೆ ಒಂದು ನಿಜಸಂಗತಿ ಹೇಳುತ್ತೇನೆ. ನಮ್ಮ ಕಟ್ಟಡದ ಒಂದು ಮನೆಯಲ್ಲಿ ಗೀಸರ್ ಹಾಕಿದಾಗಲೆಲ್ಲ ಎಂಸಿಬಿ ಬೀಳುತ್ತಿತ್ತು. ವೈರ್‌ಮನ್ ಬಂದ. 16 ಆಂಪಿಯರಿನದನ್ನು ಕಿತ್ತು 32ರದು ಹಾಕಿದ. ಅಲ್ಲಿಗೆ ಬೀಳುವುದು ನಿಂತಿತು, ಮನೆಯವರಿಗೆ ಖುಷಿಯೋ ಖುಷಿ. ಕೆಲವು ತಿಂಗಳ ನಂತರ ಬಚ್ಚಲ ಗೋಡೆಯಿಂದ ಪ್ಲಾಸ್ಟಿಕ್ ಸುಟ್ಟ ವಾಸನೆ! ಸ್ವಿಚ್ ಬೋರ್ಡು ಬಿಚ್ಚಿದರೆ ಒಳಗಿನ ತಂತಿಯ ಹೊದಿಕೆ ಕಪ್ಪಾಗಿ ಕರಗಿತ್ತು.

ಲೆಕ್ಕ ಬಹಳ ಸುಲಭ. 2 ಕಿಲೋವ್ಯಾಟ್ ಗೀಸರ್ ಅಂದರೆ 2000 ಭಾಗಿಸು 230, ಸುಮಾರು 8.7 ಆಂಪಿಯರ್. ಅದಕ್ಕೆ 16 ಆಂಪಿಯರ್ ಎಂಸಿಬಿ ಧಾರಾಳ ಸಾಕು. ಅದೂ ಬೀಳುತ್ತಿದೆ ಎಂದರೆ ಗೀಸರಿನಲ್ಲೋ, ತಂತಿಯಲ್ಲೋ, ಜೋಡಣೆಯಲ್ಲೋ ದೋಷವಿದೆ, ಇಲ್ಲವೇ ಎಂಸಿಬಿಯೇ ಸವೆದಿದೆ ಎಂದರ್ಥ. ಎಂಸಿಬಿ ಇರುವುದು ಮುಖ್ಯವಾಗಿ ಗೋಡೆಯೊಳಗಿನ ತಂತಿಯನ್ನು ಕಾಯುವುದಕ್ಕೆ. 2.5 ಚದರ ಮಿಲಿಮೀಟರಿನ ತಂತಿಗೆ 32 ಆಂಪಿಯರಿನ ಎಂಸಿಬಿ ಹಾಕುವುದೆಂದರೆ, ಕಳ್ಳ ಬಂದಾಗ ಬೊಗಳಿ ನಿದ್ದೆ ಕೆಡಿಸುತ್ತದೆ ಎಂದು ನಾಯಿಯನ್ನೇ ಮಾರಿದ ಹಾಗೆ. ಪ್ರತಿ ತಿಂಗಳು ಸಾಲದ ಬಡ್ಡಿಯನ್ನು ಪೈಸೆ ಪೈಸೆ ಲೆಕ್ಕ ಹಾಕುವ ಮನುಷ್ಯ ಈ ಭಾಗಾಕಾರ ಮಾಡಲಿಲ್ಲ. ಏಕೆಂದರೆ ಅದು "ವೈರ್‌ಮನ್ ಕೆಲಸ".

ಕೆಲಸ ಬಾರದವನಿಗೆ ಕೆಲಸ ಸರಿಯಾಯಿತೋ ಇಲ್ಲವೋ ಅದೂ ತಿಳಿಯುವುದಿಲ್ಲ. ಮೋಸ ನಡೆಯುವುದು ಅಲ್ಲೇ. ಒಳ್ಳೆಯ ಕೆಲಸಗಾರನಿಗೆ ಅನ್ಯಾಯವಾಗುವುದೂ ಅಲ್ಲೇ.

ನಿಧಾನಕ್ಕೆ ತಿರುಗುವ ಸೀಲಿಂಗ್ ಫ್ಯಾನ್ ತಗೊಳ್ಳಿ. ಪಕ್ಕದ ಮನೆಯವರಿಗೆ "ಮೋಟರ್ ಹೋಗಿದೆ, ರಿವೈಂಡಿಂಗ್ ಆಗಬೇಕು, ಒಂಬೈನೂರು" ಎಂದಿದ್ದರು. ಬಹಳಷ್ಟು ಸಲ ಇಂಥ ಫ್ಯಾನಿನಲ್ಲಿ ದಣಿದಿರುವುದು ಅದರ ಕೆಪಾಸಿಟರ್ ಮಾತ್ರ, ವೈರ್‌ಮನ್‌ಗಳು ಕಂಡೆನ್ಸರ್ ಅನ್ನುತ್ತಾರಲ್ಲ ಅದು. ಸಾಮಾನ್ಯವಾಗಿ 2.5 ಮೈಕ್ರೋಫ್ಯಾರಡ್, ಲೋಹಾರ್ ಚಾಳಿನಲ್ಲಿ ನೂರು ರೂಪಾಯಿಯೊಳಗೆ ಸಿಗುತ್ತದೆ. ಮೇನ್ ಆಫ್ ಮಾಡಿ, ಹಳೆಯದರ ಮೇಲೆ ಬರೆದ ಅಂಕಿಯದೇ ಹೊಸದು ತಂದು ಹಾಕಿದೆ. ಫ್ಯಾನು ಗಿರ್ರೆಂದಿತು. ಬಿಎಲ್‌ಡಿಸಿ ಎನ್ನುವ ಈಗಿನ ಹೊಸ ಫ್ಯಾನುಗಳ ಒಳರಚನೆಯೇ ಬೇರೆ, ಅವಕ್ಕೆ ಈ ಮಾತು ಅನ್ವಯಿಸುವುದಿಲ್ಲ. ಮನೆಯಲ್ಲಿರುವುದು ಯಾವ ಜಾತಿಯದು ಎನ್ನುವುದಾದರೂ ನಮಗೆ ಗೊತ್ತಿರಬೇಡವೆ?

ಇನ್ನು ನಲ್ಲಿ. ತೊಟಕ್, ತೊಟಕ್ ಎನ್ನುವ ನಲ್ಲಿಯ ಕೆಳಗೆ ಒಂದು ಲೋಟ ಇಡಿ. ಗಂಟೆಗೆ 200 ಮಿಲಿಲೀಟರ್ ತುಂಬಿದರೆ ದಿನಕ್ಕೆ 4.8 ಲೀಟರ್, ವರ್ಷಕ್ಕೆ 1,752 ಲೀಟರ್. ಬೇಸಿಗೆಯಲ್ಲಿ ಟ್ಯಾಂಕರಿಗೆ ಸಾಲು ನಿಲ್ಲುವ ಸೊಸೈಟಿಯಲ್ಲಿ ಎಷ್ಟು ನಲ್ಲಿ ಸೋರುತ್ತವೆ, ಗುಣಿಸಿಕೊಳ್ಳಿ. ಹಳೆಯ ನಲ್ಲಿಯಾದರೆ ಒಳಗಿನ ರಬ್ಬರ್ ವಾಷರ್ ಸವೆದಿರುತ್ತದೆ. ಅರ್ಧ ಸುತ್ತಿಗೆ ತೆರೆಯುವ ಹೊಸ ನಲ್ಲಿಯಾದರೆ ಒಳಗಿನ ಸ್ಪಿಂಡಲ್ ಬದಲಾಯಿಸಬೇಕು. ಕೆಳಗಿನ ಆ್ಯಂಗಲ್ ಕಾಕ್ ಮುಚ್ಚಿ, ಸ್ಪ್ಯಾನರಿನಿಂದ ಬಿಚ್ಚಿ, ಹಳೆಯದನ್ನೇ ಅಂಗಡಿಗೆ ಒಯ್ದು ಅಂಥದ್ದೇ ಕೊಡಿ ಅಂದರಾಯಿತು. ಇಷ್ಟಕ್ಕೆ ಮೂರು ವಾರ ಪ್ಲಂಬರನ ಫೋನಿಗೆ ಕಾಯುತ್ತೇವೆ.

ಕಾರಿನ ವಿಷಯಕ್ಕೆ ಬಂದರಂತೂ ನಾವು ಪೂರ್ತಿ ಶರಣಾಗತರು. ಸರ್ವಿಸ್ ಸೆಂಟರಿನ ಹುಡುಗ ಟ್ಯಾಬ್ ಹಿಡಿದು ಬಂದು ಎಂಜಿನ್ ಫ್ಲಶ್, ಡಿಕಾರ್ಬನೈಸಿಂಗ್, ಎಸಿ ಡಿಸಿನ್ಫೆಕ್ಷನ್, ಅಂಡರ್‌ಬಾಡಿ ಕೋಟಿಂಗ್ ಎಂದು ಮಂತ್ರ ಹೇಳುತ್ತಾ ಹೋಗುತ್ತಾನೆ, ನಾವು ಪ್ರತಿ ಮಂತ್ರಕ್ಕೂ ತಲೆಯಾಡಿಸುತ್ತೇವೆ. ಕಳೆದ ಸಲ ನಾನು ಗ್ಲವ್ ಬಾಕ್ಸಿನಿಂದ ಮ್ಯಾನ್ಯುಯಲ್ ತೆಗೆದು "ಇವು ಇದರಲ್ಲಿ ಎಲ್ಲಿವೆ, ತೋರಿಸು ಮಾರಾಯ" ಎಂದೆ. ಎಸ್ಟಿಮೇಟಿನಿಂದ 3,850 ರೂಪಾಯಿ ತಾನಾಗಿಯೇ ಇಳಿಯಿತು. ಎಸಿಯ ಕ್ಯಾಬಿನ್ ಫಿಲ್ಟರ್ ಅನೇಕ ಕಾರುಗಳಲ್ಲಿ ಅದೇ ಗ್ಲವ್ ಬಾಕ್ಸಿನ ಹಿಂದೆ ಇರುತ್ತದೆ, ಹತ್ತು ನಿಮಿಷದಲ್ಲಿ ಬದಲಾಯಿಸಬಹುದು. ಟೈರಿಗೆ ಎಷ್ಟು ಗಾಳಿ ಬೇಕೆಂಬುದು ಹೆಚ್ಚಾಗಿ ಡ್ರೈವರ್ ಬಾಗಿಲಿನ ಚೌಕಟ್ಟಿನಲ್ಲಿ ಅಂಟಿಸಿರುತ್ತದೆ. ಟೈರಿನ ಗೆರೆಗಳ ನಡುವೆ ಸಣ್ಣ ಉಬ್ಬುಗಳಿರುತ್ತವೆ. ರಬ್ಬರು ಅವುಗಳ ಮಟ್ಟಕ್ಕೆ ಸವೆಯಿತೆಂದರೆ ಉಳಿದ ಆಳ 1.6 ಮಿಲಿಮೀಟರ್, ಟೈರಿನ ಆಯುಷ್ಯ ಮುಗಿಯಿತು. ಇದನ್ನು ನೋಡಲು ಎಂಜಿನಿಯರಿಂಗ್ ಓದಬೇಕಿಲ್ಲ. ನಾನು ಬಿ.ಕಾಂ.

ಮುಂಬಯಿಯವರಿಗೆ 26 ಜುಲೈ 2005 ನೆನಪಿಸಬೇಕಾಗಿಲ್ಲ. ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ. ನೀರಲ್ಲಿ ಮುಳುಗಿ ನಿಂತ ಕಾರನ್ನು ಸ್ಟಾರ್ಟ್ ಮಾಡಿದರೆ ಏನಾಗುತ್ತದೆ ಗೊತ್ತೆ? ಸಿಲಿಂಡರಿನೊಳಗೆ ಹೊಕ್ಕ ನೀರು ಗಾಳಿಯ ಹಾಗೆ ಕುಗ್ಗುವುದಿಲ್ಲ, ಕನೆಕ್ಟಿಂಗ್ ರಾಡ್ ಬಗ್ಗುತ್ತದೆ, ಎಂಜಿನ್ನೇ ಹೋಗುತ್ತದೆ. ಎಂಜಿನ್ ರಕ್ಷಣೆಯ ಹೆಚ್ಚುವರಿ ವಿಮೆ ಮಾಡಿಸದಿದ್ದರೆ ಇಂಥ ನಷ್ಟ ಸಾಮಾನ್ಯವಾಗಿ ವಿಮೆಯಲ್ಲಿ ಸಿಗುವುದಿಲ್ಲ. ಇಷ್ಟು ಗೊತ್ತಿದ್ದವನು ಕೀಲಿಗೆ ಕೈ ಹಾಕದೆ ಟೋಯಿಂಗ್ ವಾಹನ ಕರೆಸುತ್ತಾನೆ.

ಕಂಪನಿಗಳ ಪಾಲೂ ಇದರಲ್ಲಿದೆ, ಇಲ್ಲವೆನ್ನುವುದಿಲ್ಲ. ಬಿಡಿಭಾಗಗಳನ್ನೂ ದೋಷ ಹುಡುಕುವ ಉಪಕರಣಗಳನ್ನೂ ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ಮಾಡಿದ್ದಕ್ಕೆ ಭಾರತೀಯ ಸ್ಪರ್ಧಾ ಆಯೋಗ 2014ರ ಆಗಸ್ಟಿನಲ್ಲಿ 14 ಕಾರು ಕಂಪನಿಗಳಿಗೆ ಸುಮಾರು 2,545 ಕೋಟಿ ರೂಪಾಯಿ ದಂಡ ಹಾಕಿತು. ಹೊರಗೆ ರಿಪೇರಿ ಮಾಡಿಸಿದರೆ ವಾರಂಟಿ ರದ್ದು ಎಂದು ಸಾರಾಸಗಟಾಗಿ ಷರತ್ತು ಹಾಕುವಂತಿಲ್ಲ ಎಂದೂ ಹೇಳಿತು. ಕಂಪನಿಗಳು ಮೇಲ್ಮನವಿಗೆ ಹೋದವು, ಅದು ಬೇರೆ ಕಥೆ. 2022ರ ಡಿಸೆಂಬರಿನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ರಿಪೇರಿಯ ಹಕ್ಕಿಗೆಂದೇ ಒಂದು ಪೋರ್ಟಲ್ ತೆರೆಯಿತು. ಒಳ್ಳೆಯದೇ. ಆದರೆ ಬಾನೆಟ್ ಎತ್ತುವ ಹಿಡಿ ಎಲ್ಲಿದೆ ಎಂದೇ ತಿಳಿಯದವನಿಗೆ ರಿಪೇರಿಯ ಹಕ್ಕು ಕೊಟ್ಟು ಏನು ಪ್ರಯೋಜನ?

ಇನ್ನು ನಿಮ್ಮ ಆಕ್ಷೇಪಗಳು. "ನಾವೇ ಮಾಡಿಕೊಂಡರೆ ಬಡವರ ಹೊಟ್ಟೆಗೆ ಕಲ್ಲು ಹಾಕಿದಂತಲ್ಲವೆ?" ಈ ಮಾತು ಕೇಳಿದರೆ ನನಗೆ ನಗು ಬರುತ್ತದೆ. ಸರ್ವಿಸ್ ಸೆಂಟರಿನಲ್ಲಿ ಸಾವಿರಗಟ್ಟಲೆ ಬಿಲ್ಲಿಗೆ ಉಸಿರೆತ್ತದೆ ಕಾರ್ಡು ಉಜ್ಜುವವರು, ಮನೆಗೆ ಬಂದ ವೈರ್‌ಮನ್ ಹತ್ತಿರ ಐವತ್ತು ರೂಪಾಯಿಗೆ ಚೌಕಾಸಿ ಮಾಡುತ್ತಾರೆ. "ಎರಡು ನಿಮಿಷದ ಕೆಲಸಕ್ಕೆ ಇಷ್ಟಾ?" ಅಂತ. ಒಮ್ಮೆ ತಾನೇ ಗೋಡೆಗೆ ಡ್ರಿಲ್ ಹಿಡಿದು ನಾಲ್ಕು ತೂತು ನೇರವಾಗಿ ಕೊರೆಯಲು ಒದ್ದಾಡಿದವನು ಆ ಎರಡು ನಿಮಿಷದ ಹಿಂದೆ ಎಷ್ಟು ವರ್ಷದ ಕಲಿಕೆ ಇದೆ ಎಂದು ತಿಳಿದು, ಕೇಳಿದಷ್ಟು ಕೊಟ್ಟು, ಚಹಾ ಕುಡಿಸಿ ಕಳಿಸುತ್ತಾನೆ.

"ಅಪಾಯ ಅಲ್ಲವೆ?" ಹೌದು, ಗೆರೆ ಎಳೆದುಕೊಳ್ಳಲೇಬೇಕು. ಮೀಟರಿನ ಆಚೆಗಿನದನ್ನು ಮುಟ್ಟಬಾರದು. ಗ್ಯಾಸ್ ರೆಗ್ಯುಲೇಟರ್ ಬಿಚ್ಚಬಾರದು. ಎಸಿಯ ಗ್ಯಾಸು, ಕಾರಿನ ಬ್ರೇಕು, ಏರ್‌ಬ್ಯಾಗು ಇವೆಲ್ಲ ಬಲ್ಲವರ ಕೆಲಸ. ಆದರೆ ಗ್ಯಾಸ್ ಟ್ಯೂಬಿನ ಅವಧಿ ಐದು ವರ್ಷ, ಅದರ ಮೇಲೆಯೇ ಇಸವಿ ಅಚ್ಚಾಗಿರುತ್ತದೆ ಎಂದು ತಿಳಿಯಲು ಯಾವ ಅಪಾಯ? ಸೋರಿಕೆಯನ್ನು ಸೋಪಿನ ನೀರು ಹಚ್ಚಿ ನೋಡಬೇಕು, ಬೆಂಕಿಕಡ್ಡಿ ಗೀರಿ ಅಲ್ಲ. ಅನುಮಾನ ಬಂದರೆ 1906ಕ್ಕೆ ಫೋನ್ ಮಾಡಬೇಕು. ಮೇನ್ ಬೋರ್ಡಿನಲ್ಲಿ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇದೆಯೇ, ಅದರ ಟೆಸ್ಟ್ ಗುಂಡಿ ಒತ್ತಿದರೆ ಬೀಳುತ್ತದೆಯೇ ಎಂದು ಆಗಾಗ ನೋಡಬೇಕು. ಶಾಕ್ ಹೊಡೆದಾಗ ಜೀವ ಉಳಿಸುವುದು ಅದು. ಬೀಳದಿದ್ದರೆ ವೈರ್‌ಮನ್‌ನನ್ನು ಅವತ್ತೇ ಕರೆಸಿ. ಅಪಾಯದ ನೆಪ ಹೇಳಿ ಅಪಾಯದ ಬಗ್ಗೆಯೇ ಕುರುಡಾಗಿರುವುದು ಯಾವ ಜಾಣತನ?

"ಸಮಯ ಎಲ್ಲಿದೆ?" ಇದಕ್ಕೆ ಉತ್ತರ ನಿಮ್ಮ ಅಡುಗೆಮನೆಯಲ್ಲೇ ಇದೆ. ಕುಕ್ಕರಿನ ಗ್ಯಾಸ್ಕೆಟ್, ಸೇಫ್ಟಿ ವಾಲ್ವ್ ಬದಲಾಯಿಸುವವರು ಯಾರು? ಗ್ಯಾಸ್ ಒಲೆಯ ಬರ್ನರಿನ ತೂತು ಪಿನ್ನು ಹಾಕಿ ಬಿಡಿಸುವವರು ಯಾರು? ಮನೆಯ ಹೆಣ್ಣುಮಕ್ಕಳು ವರ್ಷಾನುಗಟ್ಟಲೆಯಿಂದ ಮೆಕ್ಯಾನಿಕ್ ಕೆಲಸ ಮಾಡುತ್ತಲೇ ಇದ್ದಾರೆ, ಅದಕ್ಕೆ ನಾವು ಆ ಹೆಸರು ಕೊಡಲಿಲ್ಲ, ಅಷ್ಟೆ.

ಒಂದು ದಿನ ನಾಗದೇವಿ ಸ್ಟ್ರೀಟಿಗೋ ನಿಮ್ಮೂರಿನ ಹಾರ್ಡ್‌ವೇರ್ ಅಂಗಡಿಗೋ ಹೋಗಿ. ಎರಡು ಬಗೆಯ ಸ್ಕ್ರೂಡ್ರೈವರ್, ಪಕ್ಕಡ್, ಒಂದು ಅಡ್ಜಸ್ಟೆಬಲ್ ಸ್ಪ್ಯಾನರ್, ಸುತ್ತಿಗೆ, ಹ್ಯಾಕ್ಸಾ, ಟೆಸ್ಟರ್, ಸಣ್ಣ ಮಲ್ಟಿಮೀಟರ್, ಇನ್ಸುಲೇಶನ್ ಟೇಪು, ನಲ್ಲಿಗೆ ಸುತ್ತುವ ಟೆಫ್ಲಾನ್ ಟೇಪು, ಗಾಳಿ ಅಳೆಯುವ ಗೇಜು. ಮೂರು ಸಾವಿರದೊಳಗೆ ಆಗುತ್ತದೆ. ಬೋರ್ಡು ಬಿಚ್ಚುವ ಮೊದಲು ಟೆಸ್ಟರನ್ನು ಕರೆಂಟಿರುವ ಪ್ಲಗ್ಗಿನಲ್ಲಿ ಹಾಕಿ, ಅದು ಸರಿಯಿದೆಯೇ ಎಂದು ನೋಡಿಕೊಳ್ಳಿ. ಮಗನ ಜೊತೆ ಮಗಳನ್ನೂ ಕೂರಿಸಿಕೊಳ್ಳಿ.

ಕೊನೆಯದಾಗಿ ನಮ್ಮ ಹೊರನಾಡಿನ ಕನ್ನಡ ಸಂಘಗಳಿಗೆ ಒಂದು ಮಾತು. ವರ್ಷಕ್ಕೆ ಒಂದೇ ಒಂದು ಸನ್ಮಾನ ಕಡಿಮೆ ಮಾಡಿ. ಆ ಭಾನುವಾರ ಒಬ್ಬ ವೈರ್‌ಮನ್, ಒಬ್ಬ ಪ್ಲಂಬರ್, ಒಬ್ಬ ಕಾರ್ ಮೆಕ್ಯಾನಿಕ್ ಕರೆಸಿ. ವೇದಿಕೆಯ ಮೇಲೆ ಕುರ್ಚಿ ಹಾಕಿ ಕೂರಿಸಿ, ಸರಿಯಾದ ಸಂಭಾವನೆ ಕೊಟ್ಟು, ನಾವು ಕೆಳಗೆ ಕೂತು ಅವರಿಂದ ಕಲಿಯೋಣ. ಮೊದಲ ಸಾಲಿನಲ್ಲಿ ನಾನಿರುತ್ತೇನೆ. ಏನಂತೀರಿ?