ಜಗಳಕ್ಕೂ ಮಾತು ಬೇಕು

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂಬ ಗಾದೆಯನ್ನು ಕೇಳದವರಿಲ್ಲ. ಆದರೆ ಈ ಗಾದೆ ಜಗಳವಾಡಬಲ್ಲ ದಂಪತಿಗಳಿಗೆ ಮಾತ್ರ ಸಲ್ಲತಕ್ಕದ್ದು. ಉಂಡು ಮಲಗುವ ಹೊತ್ತಿಗೇ ಯಾರ ಕಷ್ಟ ಮೊದಲಾಗುತ್ತದೆಯೋ, ಯಾರ ನಡುವೆ ಜಗಳಕ್ಕೆ ಬೇಕಾದಷ್ಟು ಮಾತೂ ಇನ್ನೂ ಹುಟ್ಟಿಲ್ಲವೋ, ಅಂಥ ನವದಂಪತಿಗಳಿಗೆ ಅದರಿಂದ ಯಾವ ಸಮಾಧಾನವೂ ದೊರೆಯಲಾರದು.

1960ರ ಸುಮಾರಿನ ಬೆಂಗಳೂರಿನಲ್ಲಿ, ಮಲ್ಲೇಶ್ವರದ ಒಂದು ವಠಾರದ ಮನೆಯನ್ನು ಕಣ್ಣೆದುರು ತಂದುಕೊಳ್ಳಬಹುದು. ಒಂದು ನಡುಮನೆ, ಒಂದು ಅಡಿಗೆಮನೆ. ನಡುಮನೆಗೆ ಹಲಗೆಯ ಅಡ್ಡಗೋಡೆ ಹಾಕಿ ಮಾಡಿದ ಪುಟ್ಟ ಕೋಣೆ. ಮಗ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ. ಸೊಸೆ ವೈಶಾಖದಲ್ಲಿ ಮದುವೆಯಾಗಿ ಬಂದವಳು. ಹೆಣ್ಣು ನೋಡುವ ಶಾಸ್ತ್ರದ ದಿನ ಓರೆಗಣ್ಣಿನಿಂದ ಕಂಡ ಮುಖವನ್ನು ಅವಳು ನೆಟ್ಟಗೆ ಕಂಡದ್ದು ಅಂತರಪಟ ಸರಿದಾಗಲೇ.

ಹಗಲು ಹಿರಿಯರೆದುರು ಗಂಡನೊಡನೆ ಮಾತನಾಡುವಂತಿಲ್ಲ. ಅವನ ಹೆಸರು ಹೇಳುವಂತಿಲ್ಲ. ಕರೆಯಬೇಕಾದರೆ ಬಳೆಯ ಸದ್ದೇ ಗತಿ. ರಾತ್ರಿ ಕೋಣೆಯ ಬಾಗಿಲು ಹಾಕಿದೊಡನೆ ಅವಳು ಗೋಡೆಯತ್ತ ತಿರುಗಿ ಮುದುಡಿ ಮಲಗುವಳು. ಅವನು ಕೈ ಚಾಚಿದರೆ ಮೈ ಬಿಗಿಯಾಗುವುದು. ಗಂಡಸಾದವನಿಗೆ ಎಲ್ಲವೂ ತಿಳಿದಿರಬೇಕೆಂದು ಗೆಳೆಯರು ಹೇಳಿ ಕಳುಹಿಸಿದ್ದರು. ಅವನಿಗೆ ತಿಳಿದದ್ದು ಬಹಳ ಸ್ವಲ್ಪ. ಕೆಲವು ದಿನಗಳಲ್ಲಿ ಅವನೂ ಇನ್ನೊಂದು ಗೋಡೆಯತ್ತ ತಿರುಗಿ ಮಲಗತೊಡಗಿದನು.

ಆಷಾಢ ಬಂತು, ಅವಳು ತವರಿಗೆ ಹೋದಳು. ಅವನಿಗೆ ಪತ್ರ ಬರೆಯುವ ಮನಸ್ಸಾಯಿತು. ಆದರೆ ಅಂಚೆಯವನ ಕೈಯಿಂದ ಪತ್ರ ಪಡೆದು ಒಡೆಯುವವರು ಮಾವನವರು. ಕನ್ನಡಕ ಏರಿಸಿ ಎಲ್ಲರಿಗೂ ಕೇಳುವಂತೆ ಓದುವವರೂ ಅವರೇ. ಹೀಗಾಗಿ ಆ ಪತ್ರದಲ್ಲಿ ಕ್ಷೇಮಸಮಾಚಾರ, ಮಳೆಯ ವಿಚಾರಗಳ ಹೊರತು ಮತ್ತೇನೂ ಹೋಗಲಿಲ್ಲ.

ವಿಚಿತ್ರವೆಂದರೆ ಅಂದಿನ ಸಮಾಜ ಒಲವನ್ನು ಅರಿಯದ ಸಮಾಜವಾಗಿರಲಿಲ್ಲ. ಕೆ. ಎಸ್. ನರಸಿಂಹಸ್ವಾಮಿಯವರ ‘ಮೈಸೂರು ಮಲ್ಲಿಗೆ’ 1942ರಲ್ಲಿಯೇ ಪ್ರಕಟವಾಗಿ, ದಾಂಪತ್ಯದ ಸವಿಯನ್ನು ಮನೆಮನೆಗೂ ಮುಟ್ಟಿಸಿತ್ತು. ಮೈಸೂರು ಸಂಸ್ಥಾನದ ಸರ್ಕಾರ 1930ರಲ್ಲಿಯೇ ಸಂತಾನನಿಯಂತ್ರಣದ ಚಿಕಿತ್ಸಾಲಯಗಳನ್ನು ತೆರೆದಿತ್ತು. 1955ರ ಹಿಂದೂ ವಿವಾಹ ಕಾಯಿದೆ ವಧುವಿಗೆ 15, ವರನಿಗೆ 18 ವರ್ಷ ತುಂಬಿರಬೇಕೆಂದು ವಿಧಿಸಿತ್ತು. ಅವು 18 ಮತ್ತು 21 ಆದದ್ದು 1978ರಲ್ಲಿ. ಕವಿತೆಯಿತ್ತು, ವೈದ್ಯವಿತ್ತು, ಕಾನೂನಿತ್ತು. ಹಲಗೆಯ ಗೋಡೆಯ ಹಿಂದಿನ ಇಬ್ಬರಿಗೆ ಇಲ್ಲದಿದ್ದದ್ದು ಒಂದು ಸರಳವಾದ ಪ್ರಶ್ನೆ ಮಾತ್ರ.

ಆ ಪ್ರಶ್ನೆ ಹೊರಬಿದ್ದದ್ದು ಶ್ರಾವಣ ಸೋಮವಾರದಂದು. ತವರಿನಿಂದ ಮರಳಿದ ಸೊಸೆಯನ್ನು ಕಾಡು ಮಲ್ಲೇಶ್ವರನ ಗುಡಿಗೆ ಕರೆದುಕೊಂಡು ಹೋಗಿ ಬಾ ಎಂದು ತಾಯಿಯೇ ಮಗನಿಗೆ ಹೇಳಿದಳು. ದೇವರ ದರ್ಶನಕ್ಕೆ ಯಾರ ಆಕ್ಷೇಪಣೆ? ಹಿಂತಿರುಗುವಾಗ ಅವನು ನೆಲ ನೋಡುತ್ತ ಕೇಳಿದನು:

“ನನ್ನನ್ನು ಕಂಡರೆ ನಿನಗೆ ಬೇಸರವೇ?”

ಅವಳು ನಡೆಯುವುದನ್ನು ನಿಲ್ಲಿಸಿದಳು. “ಅಯ್ಯೋ, ಹಾಗೇಕೆ ಅನ್ನುತ್ತೀರಿ? ರಾತ್ರಿ ಅತ್ತೆಯವರು ಕೆಮ್ಮುವುದು ನಮಗೆ ಕೇಳಿಸುವುದಿಲ್ಲವೇ? ನಮ್ಮ ಉಸಿರೂ ಅವರಿಗೆ ಕೇಳಿಸೀತೆಂದು ನನಗೆ ಜೀವ ಹೋಗುತ್ತದೆ.” ಸ್ವಲ್ಪ ಹೊತ್ತಿನ ಮೇಲೆ, “ಭಯವೂ ಆಗುತ್ತದೆ. ನೀವು ಆ ಕಡೆ ತಿರುಗಿ ಮಲಗಿದಾಗ, ನನ್ನ ಬಣ್ಣ ನಿಮಗೆ ಹಿಡಿಸಲಿಲ್ಲವೆಂದುಕೊಂಡಿದ್ದೆ” ಎಂದಳು.

“ಭಯ ನನಗೂ ಇತ್ತು” ಎಂದನು ಅವನು.

ಎರಡು ತಿಂಗಳು ಇಬ್ಬರನ್ನೂ ದಹಿಸಿದ್ದು ದ್ವೇಷವಲ್ಲ, ಅನಾದರವಲ್ಲ. ಒಬ್ಬರ ಸಂಕೋಚಕ್ಕೆ ಮತ್ತೊಬ್ಬರು ಮನಸ್ಸಿನಲ್ಲಿಯೇ ಬರೆದುಕೊಂಡ ತಪ್ಪು ಅರ್ಥ. ಲಜ್ಜೆ ದೋಷವಲ್ಲ. ಆದರೆ ಮೌನವನ್ನು ತಿರಸ್ಕಾರವೆಂದು ಓದುವ ಅಭ್ಯಾಸ ದಾಂಪತ್ಯಕ್ಕೆ ಹತ್ತಿದ ಗೆದ್ದಲು.

ವೈದ್ಯರು ಹೇಳುವ ಮಾತೊಂದು ಇಲ್ಲಿ ಸ್ಮರಣೀಯ. ಭಯ ಆವರಿಸಿದಾಗ ಹೆಣ್ಣಿನ ದೇಹ ಅವಳ ಇಚ್ಛೆಯನ್ನು ಮೀರಿ ಬಿಗಿದುಕೊಳ್ಳುವುದುಂಟು, ಆಗ ನೋವಾಗುವುದು. ಅದು ಹಟವಲ್ಲ. ಆತಂಕದಿಂದ ಗಂಡಿನ ದೇಹವೂ ಅವನ ಮಾತನ್ನು ಕೇಳದಿರಬಹುದು. ಅದು ಪೌರುಷದ ಕೊರತೆಯಲ್ಲ. ಎರಡಕ್ಕೂ ಬಲವಂತ ವಿಷ, ತಾಳ್ಮೆ ಔಷಧ. ತಾಳ್ಮೆಯಿಂದಲೂ ಸರಿಹೋಗದಿದ್ದರೆ ವೈದ್ಯರ ಸಲಹೆಯುಂಟು, ಗುಣವೂ ಉಂಟು. ಸ್ವತಃ ವೈದ್ಯೆಯಾಗಿದ್ದ ಅನುಪಮಾ ನಿರಂಜನ ಅವರು ‘ವಧುವಿಗೆ ಕಿವಿಮಾತು’, ‘ದಾಂಪತ್ಯ ದೀಪಿಕೆ’ಗಳನ್ನು ಬರೆದು, ಈ ವಿಷಯಗಳನ್ನು ಸಭ್ಯವಾದ ಕನ್ನಡದಲ್ಲಿಯೇ ಹೇಳಬಹುದೆಂದು ತೋರಿಸಿಕೊಟ್ಟರು.

ಹಿರಿಯರ ಪಾಲಿನ ಕರ್ತವ್ಯವೂ ಇದೆ. “ಏನು ವಿಶೇಷ?” ಎಂದು ತಿಂಗಳಿಗೊಮ್ಮೆ ಕೇಳುವುದಕ್ಕಿಂತ, ಇಬ್ಬರನ್ನೇ ಒಂದು ಸಂಜೆ ಹೊರಗೆ ಕಳುಹಿಸುವುದು ದೊಡ್ಡ ಉಪಕಾರ. ಇಂದು ಹಲಗೆಯ ಗೋಡೆಗಳು ಹೋಗಿವೆ. ಪತ್ರ ಒಡೆದು ಓದುವ ಮಾವಂದಿರೂ ಇಲ್ಲ. ಆದರೂ ಒಂದೇ ಮಂಚದ ಮೇಲೆ ಇಬ್ಬರೂ ತಮ್ಮ ತಮ್ಮ ಮೊಬೈಲಿನ ಬೆಳಕಿಗೆ ಮುಖಮಾಡಿ ಮಲಗಿದರೆ, ಗೋಡೆ ಮತ್ತೆ ಎದ್ದಂತೆಯೇ ಸರಿ.

ಮಲ್ಲೇಶ್ವರದ ಆ ದಂಪತಿಗಳ ಮುಂದಿನ ಕಥೆ ದೀರ್ಘವಲ್ಲ. ಸೋಮವಾರದ ಗುಡಿಯ ದಾರಿ ರೂಢಿಯಾಯಿತು. ಅತ್ತೆಯವರು ತಮ್ಮ ಹಾಸಿಗೆಯನ್ನು ಅಡಿಗೆಮನೆಯ ಬಾಗಿಲಿನ ಬಳಿಗೆ ಒಯ್ದುಕೊಂಡರು. ದೀಪಾವಳಿಯ ಹೊತ್ತಿಗೆ ಒಂದು ಬೆಳಿಗ್ಗೆ, ಕಾಫಿಗೆ ಸಕ್ಕರೆ ಕಡಮೆಯಾಯಿತೆಂದು ಅವನು ರೇಗಿದನು; ರಾತ್ರಿ ತಡವಾಗಿ ಬಂದವರಿಗೆ ಅಷ್ಟೇ ಸಕ್ಕರೆ ಎಂದು ಅವಳು ತಿರುಗಿ ನುಡಿದಳು. ಅಡಿಗೆಮನೆಯಲ್ಲಿದ್ದ ಅತ್ತೆಗೆ ಎಲ್ಲವೂ ಕೇಳಿಸಿತು. ಅವರು ಒಲೆಯತ್ತ ತಿರುಗಿ ನಕ್ಕರು.

ಆ ದಿನದಿಂದ ಗಾದೆ ಆ ಮನೆಗೂ ಸಲ್ಲತೊಡಗಿತು.