ಸಣ್ಣ ವ್ಯಾಪಾರಕ್ಕೊಂದು ಜಾಲತಾಣ: ಖರ್ಚು ಎಷ್ಟು, ಲೆಕ್ಕ ಹೇಗೆ?

2025ರ ಜುಲೈನಲ್ಲಿ ಬೆಂಗಳೂರಿನ ಹಲವು ಅಂಗಡಿಗಳ ಮುಂದೆ ‘ಯುಪಿಐ ಇಲ್ಲ, ನಗದು ಮಾತ್ರ’ ಎಂಬ ಚೀಟಿ ಅಂಟಿಸಿದ್ದನ್ನು ಓದುಗರು ಮರೆತಿರಲಾರರು. ಯುಪಿಐ ಮೂಲಕ ಜಮೆಯಾದ ಹಣದ ಆಧಾರದ ಮೇಲೆ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವರ್ತಕರಿಗೆ ನೋಟಿಸ್ ಕಳುಹಿಸಿತ್ತು. ಹಾಲು, ಹಣ್ಣು, ತರಕಾರಿ ಮಾರುವವರಿಗೂ ನೋಟಿಸ್ ಬಂತು. ಜುಲೈ 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ವರ್ತಕರ ಪ್ರತಿನಿಧಿಗಳನ್ನು ಕರೆದು ಮಾತನಾಡಿದ ಮೇಲೆ ಗಲಾಟೆ ತಣ್ಣಗಾಯಿತು. ಹೆದರಿಕೆ ಮಾತ್ರ ಉಳಿಯಿತು. ಮನೆಯಲ್ಲಿ ಹಪ್ಪಳ, ಸಂಡಿಗೆ, ಉಪ್ಪಿನಕಾಯಿ ಮಾಡಿ ಮಾರುವ ನಮ್ಮ ಸಮಾಜದ ಹೆಣ್ಣುಮಕ್ಕಳು ಈಗಲೂ ಕೇಳುತ್ತಾರೆ: ‘ಜಾಲತಾಣ ಮಾಡಿದರೆ ತೆರಿಗೆಯವರ ಕಣ್ಣಿಗೆ ಬೀಳುವುದಿಲ್ಲವೇ?’

ಈ ಹೆದರಿಕೆಯನ್ನು ಬಿಡಿಸಿ ನೋಡೋಣ. ಯುಪಿಐ ದಾಖಲೆ ಹೇಳುವುದು ಎಷ್ಟು ಹಣ ಬಂತು ಎಂಬುದನ್ನು ಮಾತ್ರ. ಯಾವ ಸರಕಿಗೆ ಬಂತು, ಮಗ ಕಳುಹಿಸಿದ್ದೋ, ಕೈಗಡ ಕೊಟ್ಟದ್ದು ವಾಪಸು ಬಂದದ್ದೋ ಎಂಬುದು ಅದರಲ್ಲಿ ಇರುವುದಿಲ್ಲ. ಅದನ್ನು ನಾವೇ ತೋರಿಸಬೇಕು, ತೋರಿಸಲು ಲೆಕ್ಕ ಬೇಕು. ವಾಟ್ಸಾಪ್‌ನಲ್ಲಿ ಬಂದ ಆರ್ಡರು ಫೋನು ಕೆಟ್ಟರೆ ಹೋಯಿತು. ಜಾಲತಾಣದಲ್ಲಿ ಪ್ರತಿ ಆರ್ಡರಿಗೂ ತಾರೀಖು, ಸರಕು, ತೂಕ, ಮೊತ್ತ, ಊರು ದಾಖಲಾಗುತ್ತವೆ. ಗಿರಾಕಿಗಳು ಹೆಚ್ಚುವುದು ಆಮೇಲಿನ ಮಾತು, ಜಾಲತಾಣದ ಮೊದಲ ಲಾಭ ಈ ಕೀರ್ದಿಯೇ.

ಖರ್ಚಿನ ಲೆಕ್ಕ

ಜಾಲತಾಣ ಎಂದರೆ ಐವತ್ತು ಸಾವಿರ ಎಂದು ಹೇಳುವವರಿದ್ದಾರೆ. ಹತ್ತು ಹದಿನೈದು ಬಗೆಯ ಸರಕು ಮಾರುವವರಿಗೆ ಅಷ್ಟು ಬೇಕಿಲ್ಲ. ಬೇಕಾದದ್ದು ಮೂರು. ಒಂದು, ಜಾಲತಾಣದ ಹೆಸರು, ಅಂದರೆ ಡೊಮೇನ್. ‘.ಇನ್’ ಎಂದು ಕೊನೆಯಾಗುವ ಹೆಸರು ಸಾಮಾನ್ಯವಾಗಿ ವರ್ಷಕ್ಕೆ ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಸಿಗುತ್ತದೆ. ಎರಡು, ಜಾಲತಾಣ ಇಡಲು ಜಾಗ, ಅಂದರೆ ಹೋಸ್ಟಿಂಗ್. ಇದು ತಿಂಗಳಿಗೆ ಕೆಲವು ನೂರು ರೂಪಾಯಿ. ಮೂರು, ಅಂಗಡಿಯ ತಂತ್ರಾಂಶ. ವರ್ಡ್‌ಪ್ರೆಸ್ ಮತ್ತು ಅದರ ಜೊತೆ ಕೆಲಸ ಮಾಡುವ ವೂಕಾಮರ್ಸ್ ಉಚಿತ. ಬೀಗದ ಗುರುತು ಬರುವ ಭದ್ರತಾ ಪ್ರಮಾಣಪತ್ರವನ್ನು ‘ಲೆಟ್ಸ್ ಎನ್‌ಕ್ರಿಪ್ಟ್’ ಉಚಿತವಾಗಿ ಕೊಡುತ್ತದೆ. ಅದಕ್ಕೆ ಬೇರೆ ದುಡ್ಡು ಕೇಳಿದರೆ ಏಕೆಂದು ಪ್ರಶ್ನಿಸಿ.

ಮೊದಲ ವರ್ಷದ ದರ ನೋಡಿ ಮರುಳಾಗಬಾರದು. ನವೀಕರಣದ ದರ ಹಲವು ಬಾರಿ ಅದರ ಎರಡು ಮೂರು ಪಟ್ಟು ಇರುತ್ತದೆ. ಅದನ್ನು ಮೊದಲೇ ಕೇಳಿಕೊಳ್ಳಿ.

ಹಣ ಪಡೆಯುವ ಪೇಮೆಂಟ್ ಗೇಟ್‌ವೇಗಳು ಸುಮಾರು ಶೇ 2 ಶುಲ್ಕ ಹಿಡಿಯುತ್ತವೆ, ಆ ಶುಲ್ಕದ ಮೇಲೆ ಶೇ 18 ಜಿಎಸ್‌ಟಿ. 500 ರೂಪಾಯಿಯ ಆರ್ಡರಿಗೆ 11 ರೂಪಾಯಿ 80 ಪೈಸೆ ಹೋಗುತ್ತದೆ. ದಿನಕ್ಕೆ ನಾಲ್ಕೈದು ಆರ್ಡರು ಇರುವಾಗ ಕ್ಯೂಆರ್ ಕೋಡ್ ಹಾಕಿ, ಹಣ ಜಮೆಯಾದದ್ದನ್ನು ನೋಡಿಕೊಂಡು ಸರಕು ಕಳುಹಿಸಿದರೂ ನಡೆಯುತ್ತದೆ. ಈ ವ್ಯಾಪಾರಕ್ಕೆ ಬೇರೆಯೇ ಬ್ಯಾಂಕ್ ಖಾತೆ ಇರಲಿ. ಮನೆಯ ಹಣ, ಅಂಗಡಿಯ ಹಣ ಒಂದೇ ಖಾತೆಯಲ್ಲಿ ಬೆರೆತರೆ ಜಾಲತಾಣದ ಲೆಕ್ಕವೂ ತಾಳೆಯಾಗದು.

ಹೆಸರು ಯಾರದು?

ಜಾಲತಾಣ ಮಾಡಿಕೊಡುವ ಹುಡುಗ ತನ್ನದೇ ಇಮೇಲ್, ತನ್ನದೇ ಫೋನ್ ನಂಬರ್ ಕೊಟ್ಟು ಡೊಮೇನ್ ಕೊಳ್ಳುವುದು ಸಾಮಾನ್ಯ. ದುರುದ್ದೇಶ ಇರಬೇಕೆಂದಿಲ್ಲ, ಬೇಗ ಮುಗಿಯಲಿ ಎಂದು ಮಾಡಿರುತ್ತಾನೆ. ನಾಳೆ ಅವನು ಬೇರೆ ಊರಿಗೆ ಹೋದರೆ, ನವೀಕರಣದ ಸೂಚನೆ ಅವನಿಗೆ ಹೋಗುತ್ತದೆ, ನಿಮಗೆ ಬರುವುದಿಲ್ಲ. ಅವಧಿ ಮುಗಿದ ಹೆಸರನ್ನು ಬೇರೆಯವರು ಕೊಳ್ಳಬಹುದು. ಆಗ ಡಬ್ಬಿಯ ಮೇಲೆ ಅಚ್ಚಾದ ವಿಳಾಸ ಇನ್ನೊಬ್ಬರ ಅಂಗಡಿಗೆ ದಾರಿ ತೋರಿಸುತ್ತದೆ. ಡೊಮೇನ್, ಹೋಸ್ಟಿಂಗ್ ಎರಡೂ ವ್ಯಾಪಾರ ಮಾಡುವವರ ಹೆಸರಿನಲ್ಲೇ ಇರಬೇಕು, ಪಾಸ್‌ವರ್ಡ್ ಅವರ ಬಳಿಯೇ ಇರಬೇಕು.

ತೆರಿಗೆ ಎಲ್ಲಿ ಶುರು?

ಕರ್ನಾಟಕದಲ್ಲಿ ಸರಕು ಮಾರುವವರಿಗೆ ಜಿಎಸ್‌ಟಿ ನೋಂದಣಿಯ ಮಿತಿ ವರ್ಷಕ್ಕೆ 40 ಲಕ್ಷ ರೂಪಾಯಿ ವಹಿವಾಟು. ತೆರಿಗೆ ಇಲ್ಲದ ಸರಕನ್ನಷ್ಟೇ ಮಾರುವವರಿಗೆ ನೋಂದಣಿ ಬೇಕಿಲ್ಲ. ಹಪ್ಪಳಕ್ಕೆ ಜಿಎಸ್‌ಟಿ ಇಲ್ಲ, ಉಪ್ಪಿನಕಾಯಿಗೆ ಇದೆ. ಇಲ್ಲೇ ಹಲವರು ಎಡವುವುದು. ಹಾಸನದಿಂದ ಬೆಳಗಾವಿಗೆ ನಿಮ್ಮ ಜಾಲತಾಣದಿಂದ ಉಪ್ಪಿನಕಾಯಿ ಕಳುಹಿಸಿದರೆ 40 ಲಕ್ಷದ ಮಿತಿ ಇದೆ. ಅದೇ ಡಬ್ಬಿ ಗಡಿ ದಾಟಿ ಸಾಂಗ್ಲಿಗೋ ಕೊಲ್ಹಾಪುರಕ್ಕೋ ಹೋದರೆ ಮಿತಿಯ ಮಾತಿಲ್ಲ, ಮೊದಲ ಡಬ್ಬಿಗೇ ನೋಂದಣಿ ಕಡ್ಡಾಯ. ಆದ್ದರಿಂದ ಆರಂಭದಲ್ಲಿ ‘ಕರ್ನಾಟಕದೊಳಗೆ ಮಾತ್ರ’ ಎಂದು ಜಾಲತಾಣದಲ್ಲೇ ನಿಗದಿ ಮಾಡುವುದು ಜಾಣತನ. ದೊಡ್ಡ ಮಾರಾಟ ತಾಣಗಳ ಮೂಲಕ ರಾಜ್ಯದೊಳಗೆ ಮಾರುವ ಸಣ್ಣವರಿಗೂ 2023ರ ಅಕ್ಟೋಬರ್ 1ರಿಂದ ನೋಂದಣಿಯ ಬದಲು ದಾಖಲಾತಿ ಸಂಖ್ಯೆ ಪಡೆಯುವ ಅನುಕೂಲವಿದೆ. ನಿಮ್ಮ ಸರಕಿನ ವಿಷಯದಲ್ಲಿ ಲೆಕ್ಕ ಪರಿಶೋಧಕರನ್ನು ಒಮ್ಮೆ ಕೇಳಿಕೊಳ್ಳಿ.

ತೋರಿಸಲೇಬೇಕಾದ ವಿವರ

ತಿನ್ನುವ ಪದಾರ್ಥ ಮಾರುವವರು ಮನೆಯಲ್ಲೇ ಮಾಡಿದರೂ ಎಫ್‌ಎಸ್‌ಎಸ್‌ಎಐ ನೋಂದಣಿ ಪಡೆಯಬೇಕು. ಅದರ 14 ಅಂಕಿಯ ಸಂಖ್ಯೆ ಡಬ್ಬಿಯ ಮೇಲೂ ಜಾಲತಾಣದಲ್ಲೂ ಇರಲಿ. ನಿವ್ವಳ ತೂಕ, ಗರಿಷ್ಠ ಚಿಲ್ಲರೆ ಬೆಲೆ, ತಯಾರಿಸಿದವರ ಹೆಸರು, ವಿಳಾಸ ಕಾಣಬೇಕು. 2020ರ ಗ್ರಾಹಕ ಸಂರಕ್ಷಣಾ (ಇ-ವಾಣಿಜ್ಯ) ನಿಯಮಗಳ ಪ್ರಕಾರ ದೂರು ಕೇಳುವವರ ಹೆಸರು ಮತ್ತು ಸಂಪರ್ಕ ವಿವರ ಕೊಡಬೇಕು. ದೂರು ಬಂದ 48 ಗಂಟೆಯೊಳಗೆ ಸ್ವೀಕೃತಿ ತಿಳಿಸಿ, ಒಂದು ತಿಂಗಳೊಳಗೆ ಬಗೆಹರಿಸಬೇಕು. ಮುಖ ನೋಡದೆ ಹಣ ಕೊಡುವ ಗಿರಾಕಿಗೆ ನಂಬಿಕೆ ಬರುವುದು ಇಂಥ ವಿವರಗಳಿಂದಲೇ. ಈರುಳ್ಳಿ, ಬೆಳ್ಳುಳ್ಳಿ, ಗೆಡ್ಡೆ ಬಳಸಿಲ್ಲ ಎಂದು ಬರೆಯುವವರು ಪೂರ್ತಿ ಸಾಮಗ್ರಿಯ ಪಟ್ಟಿಯನ್ನೂ ಹಾಕಲಿ. ವ್ರತ ನಿಯಮ ಪಾಲಿಸುವವರು ಆ ಮಾತನ್ನು ನಂಬಿಯೇ ಕೊಳ್ಳುತ್ತಾರೆ.

ಕಂಪ್ಯೂಟರ್ ಬಲ್ಲ ತರುಣರು ನಮ್ಮಲ್ಲಿ ಊರೂರಿಗೂ ಇದ್ದಾರೆ. ಭಾನುವಾರ ಸಂಜೆ ಎರಡು ಗಂಟೆ ಕುಳಿತು ಒಂದು ಮನೆಯ ಡೊಮೇನ್ ಅವರದೇ ಹೆಸರಿಗೆ ಮಾಡಿಸಿಕೊಟ್ಟರೆ ಅದು ದೊಡ್ಡ ಸೇವೆ. ವ್ಯಾಪಾರ ಮಾಡುವವರು ಪ್ರತಿ ತಿಂಗಳ ಮೊದಲ ತಾರೀಖಿಗೆ ಹಿಂದಿನ ತಿಂಗಳ ಆರ್ಡರುಗಳ ಪಟ್ಟಿಯನ್ನು ಇಳಿಸಿಕೊಂಡು, ಬ್ಯಾಂಕ್ ಪುಸ್ತಕದೊಂದಿಗೆ ತಾಳೆ ನೋಡಿ, ಒಂದು ಪ್ರತಿ ಮುದ್ರಿಸಿ ಫೈಲಿನಲ್ಲಿ ಇಡಲಿ. ನೋಟಿಸ್ ಬಂದರೆ ಉತ್ತರ ಆ ಫೈಲಿನಲ್ಲಿರುತ್ತದೆ.